ಆಕಾಶಮಲ್ಲಿಗೆ ಮರ ಹೋಗಿ ವರ್ಷವಾಯಿತು, ಬೇರು ಇನ್ನೂ ಚಿಗುರುತ್ತಿದೆ. ಏನು ಮಾಡಲಿ?

ಹಿತ್ತಲಮನೆ, ಮೈಸೂರು (ಜೂನ್ 9)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಹಿತ್ತಲಲ್ಲಿ ಒಂದು ಆಕಾಶಮಲ್ಲಿಗೆ ಮರ ಇತ್ತು. ಬಿರಟೆ ಮರ ಅಂತಲೂ ಕರೆಯುತ್ತಾರೆ. ಮನೆ ಕಟ್ಟಿದ ವರ್ಷ ಅಪ್ಪ ನೆಟ್ಟಿದ್ದು, 26 ವರ್ಷದ ಮರ. ನವೆಂಬರ್ ಬಂದರೆ ಬೆಳಗ್ಗೆ ನೆಲದ ತುಂಬ ಬಿಳಿ ಹೂ. ಅಮ್ಮ ದಾರವೇ ಇಲ್ಲದೆ ಉದ್ದನೆಯ ತೊಟ್ಟುಗಳನ್ನೇ ಜಡೆಯ ಹಾಗೆ ಹೆಣೆದು ದೇವರಿಗೆ ಮಾಲೆ ಮಾಡುತ್ತಿದ್ದರು. ಹೋದ ವರ್ಷ ಮೇ ತಿಂಗಳ ಗಾಳಿಮಳೆಗೆ ಮರ ಅರ್ಧಕ್ಕೆ ಮುರಿದು ನೀರಿನ ಟ್ಯಾಂಕಿನ ಮೇಲೆ ಬಿತ್ತು. ಉಳಿದರ್ಧ ಪಕ್ಕದವರ ಮನೆ ಕಡೆ ವಾಲಿತ್ತು. ಅರಣ್ಯ ಇಲಾಖೆಗೆ ಅರ್ಜಿ ಹಾಕಿ, ಅವರು ಬಂದು ನೋಡಿ ಒಪ್ಪಿದ ಮೇಲೆ ನೆಲಮಟ್ಟಕ್ಕೆ ಕಡಿಸಿದೆವು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಈಗ ನೋಡಿದರೆ ಹಿತ್ತಲಲ್ಲಿ 14 ಕಡೆ ಚಿಗುರು. ಸೊಪ್ಪಿನ ಮಡಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸಿಮೆಂಟ್ ಇಟ್ಟಿಗೆ ಹಾಸಿನ ಸಂದಿಯಲ್ಲಿ. ಬುಡದಿಂದ 20 ಅಡಿ ದೂರದಲ್ಲೂ ಬಂದಿದೆ. ಕಿತ್ತರೆ ಹದಿನೈದು ದಿನಕ್ಕೆ ಎರಡಾಗಿ ಬರುತ್ತದೆ. ಮೆಂತ್ಯ, ದಂಟು ಹಾಕಿದರೆ ಸೊರಗಿ ಹಳದಿಯಾಗುತ್ತಿವೆ. ಗುದ್ದಲಿ ಹಾಕಿದ ಕಡೆಯೆಲ್ಲ ಬೇರು ತಗಲುತ್ತದೆ.

ಕೆಂಪು ಮಣ್ಣು. ಬುಡದಿಂದ ಮನೆ ಗೋಡೆಗೆ 12 ಅಡಿ, ನೀರಿನ ಸಂಪಿಗೆ 15 ಅಡಿ. ಒಬ್ಬರು ಜೆಸಿಬಿ ತರಿಸಿ ಪೂರ್ತಿ ಕೀಳಿಸಿ ಅಂತಾರೆ. ಇನ್ನೊಬ್ಬರು ಆ್ಯಸಿಡ್ ಸುರಿಯಿರಿ ಅಂತಾರೆ. ನನಗೆ ಎರಡಕ್ಕೂ ಧೈರ್ಯ ಸಾಲುತ್ತಿಲ್ಲ. ಅನುಭವ ಇದ್ದವರು ಹೇಳಿ.

ಕೆಮ್ಮಣ್ಣು, ಬೆಂಗಳೂರು (ಜೂನ್ 9)

ಧೈರ್ಯ ಸಾಲದೆ ಇದ್ದದ್ದೇ ಒಳ್ಳೆಯದಾಯಿತು ಮೇಡಂ. ಎರಡೂ ಬೇಡ.

ಮೊದಲು ಒಂದು ಕೆಲಸ ಮಾಡಿ. ಯಾವುದಾದರೂ ಒಂದು ಚಿಗುರಿನ ಬುಡವನ್ನು ಕೈಯಿಂದಲೇ ಒಂದು ಗೇಣು ಬಿಡಿಸಿ ನೋಡಿ. ಕೆಳಗೆ ನೇರವಾಗಿ ಇಳಿದ ಸಣ್ಣ ತಾಯಿಬೇರು ಇದ್ದರೆ ಅದು ಬೀಜದ ಸಸಿ. ಅಡ್ಡಲಾಗಿ ಹೋಗುವ ದಪ್ಪ ಬೇರಿನ ಮೇಲೆ ಕೂತಿದ್ದರೆ ಅದು ಬೇರಿನ ಚಿಗುರು. ನಿಮ್ಮದು ಎರಡನೆಯದೇ ಇರಬೇಕು. ಆಕಾಶಮಲ್ಲಿಗೆಯ ಸ್ವಭಾವವೇ ಅದು. ಮರ ಇದ್ದಾಗಲೂ ಬೇರಿನಿಂದ ಮರಿ ಎಬ್ಬಿಸುತ್ತಿರುತ್ತದೆ. ಮೇಲಿನ ಮರ ಹೋದಾಗ ಬೇರಿನಲ್ಲಿ ಮಲಗಿದ್ದ ಮೊಗ್ಗುಗಳಿಗೆ ತಡೆ ತಪ್ಪುತ್ತದೆ. ಎಲ್ಲ ಒಟ್ಟಿಗೆ ಏಳುತ್ತವೆ. ಕರಿಬೇವು, ಸೀಬೆ, ಬಿಲ್ವಪತ್ರೆ, ಹೊಂಗೆ ಇವೂ ಇದೇ ಜಾತಿಯ ಹಟಮಾರಿಗಳು.

ಅಂದರೆ ನಿಮ್ಮ ನೆಲದಲ್ಲಿ ಇರುವುದು ಸತ್ತ ಬೇರಲ್ಲ. ಜೀವಂತ ಬೇರು. 26 ವರ್ಷ ಎಲೆಗಳು ಕಳಿಸಿದ ಪಿಷ್ಟ ಅದರಲ್ಲಿ ಕೂಡಿಟ್ಟಿದೆ. ಅದನ್ನು ಖರ್ಚು ಮಾಡಿ ಚಿಗುರುತ್ತಿದೆ. ಚಿಗುರು ನಾಲ್ಕಾರು ಎಲೆ ಬಿಟ್ಟು ಬಲಿತರೆ ಖರ್ಚಾದದ್ದು ವಾಪಸ್ ಬರುತ್ತದೆ. ಎಲೆ ಬಲಿಯುವ ಮೊದಲೇ ಕಿತ್ತರೆ ಬರೀ ಖರ್ಚು, ಆದಾಯ ಇಲ್ಲ. ನೀವು ಹದಿನೈದು ದಿನಕ್ಕೊಮ್ಮೆ ಕೀಳುತ್ತಿರುವುದು ವ್ಯರ್ಥ ಆಗಿಲ್ಲ. ಒಂದು ಮಳೆಗಾಲ ಬಿಡದೆ ಮಾಡಿದರೆ ಸೋಲುವುದು ಆ ಬೇರು.

ಕತ್ತರಿಯಿಂದ ಕತ್ತರಿಸಬೇಡಿ. ಮಣ್ಣು ಸರಿಸಿ, ಚಿಗುರು ಬೇರಿಗೆ ಅಂಟಿದ ಜಾಗದಿಂದಲೇ ಬುಡದ ಗಂಟಿನ ಸಮೇತ ಹರಿದು ತೆಗೆಯಿರಿ. ಕತ್ತರಿಸಿದರೆ ಉಳಿದ ಮೋಟಿನಲ್ಲಿ ಮೊಗ್ಗು ಇರುತ್ತದೆ. ಅದಕ್ಕೇ ಒಂದು ಹೋಗಿ ಎರಡು ಬರುವುದು.

ಮಲ್ಲಿಗೆಪ್ರಿಯೆ (ಜೂನ್ 9)

ನಮ್ಮ ಮನೆಯಲ್ಲೂ ಇದೇ ಗೋಳು, ಆದರೆ ಸೀಬೆ ಮರದ್ದು. ಓದುತ್ತಾ ಇದ್ದೇನೆ. ಮೆಂತ್ಯ ಹಳದಿ ಆಗುವುದು ಯಾಕೆ ಅಂತ ಯಾರಾದರೂ ಹೇಳಿ.

ಸಂಪಿಗೆಕಟ್ಟೆ, ಹುಬ್ಬಳ್ಳಿ (ಜೂನ್ 10)

ಆ್ಯಸಿಡ್ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ ರೀ. ನಾವು ಮಾಡಿದ ತಪ್ಪು ಇನ್ನೊಬ್ಬರು ಮಾಡಬಾರದು.

ನಮ್ಮ ಕಂಪೌಂಡಿನ ಮೂಲೆಯಲ್ಲಿ ಬೇವಿನ ಮರದ ಬುಡ ಉಳಿದಿತ್ತು. ಕೆಲಸಕ್ಕೆ ಬಂದವರ ಮಾತು ಕೇಳಿ ತೂತು ಹಾಕಿ ಎರಡು ಕೆ.ಜಿ. ಕಲ್ಲುಪ್ಪು ತುಂಬಿ ನೀರು ಹಾಕಿದೆವು. ಆಮೇಲೆ ಕಕ್ಕಸು ತೊಳೆಯುವ ಆ್ಯಸಿಡ್. ಅದೂ ಸಾಲದೆ ಸೀಮೆಎಣ್ಣೆ. ಬುಡದ ಮೇಲ್ಭಾಗ ಕಪ್ಪಾಯಿತು. ನಾಲ್ಕು ಅಡಿ ಆಚೆ ಬೇರಿನಿಂದ ಬೇವು ಚಿಗುರಿತು! ಆದರೆ ಹತ್ತು ಅಡಿ ದೂರದಲ್ಲಿ ನಮ್ಮತ್ತೆ ನೆಟ್ಟ ಕರಿಬೇವು ಎಲೆ ಉದುರಿಸಿ ಒಣಗಿತು. ಉಪ್ಪು ಮಳೆನೀರಿನ ಜೊತೆ ಹರಿದು ಅಲ್ಲಿಗೆ ಹೋಗಿತ್ತು. ಆ ಜಾಗದಲ್ಲಿ ಎರಡು ವರ್ಷ ಹುಲ್ಲೂ ಬರಲಿಲ್ಲ. ಎರೆ ಮಣ್ಣಿಗೆ ಉಪ್ಪು ಹೊಕ್ಕರೆ ತೊಳೆದು ಹೋಗುವುದು ಬಲು ನಿಧಾನ. ಅತ್ತೆ ಇವತ್ತಿಗೂ ಆ ಕರಿಬೇವಿನ ಮಾತು ಎತ್ತುತ್ತಾರೆ. ನನಗೂ ಬೇಜಾರಿದೆ.

ಇಂಗು ಇಟ್ಟರೆ ಮರ ಸಾಯುತ್ತದೆ ಅಂತ ಹಿರಿಯರು ಹೇಳುತ್ತಾರೆ. ನಾವು ಅದನ್ನೂ ಇಟ್ಟು ನೋಡಿದೆವು. ನಮ್ಮ ಬೇವಿಗೆ ಏನೂ ಆಗಲಿಲ್ಲ.

ನಿಮಗೆ 15 ಅಡಿಯಲ್ಲಿ ಸಂಪು ಇದೆ ಅಂದಿದ್ದೀರಿ. ಸಂಪಿನ ಗೋಡೆಯಲ್ಲಿ ಕೂದಲೆಳೆ ಬಿರುಕು ಇದ್ದರೂ ಸಾಕು, ಸುರಿದದ್ದು ಕುಡಿಯುವ ನೀರಿಗೆ ಬರುತ್ತದೆ. ದಯವಿಟ್ಟು ಏನೂ ಸುರಿಯಬೇಡಿ.

ಕೆಮ್ಮಣ್ಣು, ಬೆಂಗಳೂರು (ಜೂನ್ 10)

ಇದಕ್ಕೆ ಸೇರಿಸುತ್ತೇನೆ. ಅಂಗಡಿಯಲ್ಲಿ ಕಳೆನಾಶಕ ಗ್ಲೈಫೋಸೇಟ್ ಕೊಟ್ಟು ಬುಡಕ್ಕೆ ಹಚ್ಚಿ ಅನ್ನುವವರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ಓದಿ. ಕೀಟ ನಿಯಂತ್ರಣದ ವೃತ್ತಿಯವರನ್ನು ಬಿಟ್ಟು ಬೇರೆಯವರು ಅದನ್ನು ಬಳಸಬಾರದು ಅಂತ ಅದರಲ್ಲಿದೆ. ಮನೆಯಂಗಳದ ವಸ್ತುವಲ್ಲ ಅದು. ಅದೂ ಅಲ್ಲದೆ, ಅದು ಕೆಲಸ ಮಾಡುವುದು ಹಸಿ ಗಾಯಕ್ಕೆ ಕೂಡಲೇ ಹಚ್ಚಿದರೆ. ವರ್ಷದ ಹಿಂದೆ ಕಡಿದು ಒಣಗಿದ ಮೋಟು ಅದನ್ನು ಬೇರಿಗೆ ಇಳಿಸುವುದಿಲ್ಲ.

ಮಲ್ಲಿಗೆಪ್ರಿಯೆ ಅವರಿಗೆ: ಮರದಲ್ಲಿ ಇಂಗಾಲ ಸಾರಜನಕಕ್ಕಿಂತ ನೂರಾರು ಪಟ್ಟು ಜಾಸ್ತಿ. ಬೇರು, ಮರದ ಹೊಟ್ಟು ಮಣ್ಣಿನಲ್ಲಿ ಕೊಳೆಯುವಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಮರದಲ್ಲಿ ಸಿಗದಿದ್ದರೆ ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಹಾಗಾಗಿ ಸೊಪ್ಪಿಗೆ ಹಸಿವು. ಹಿಂಡಿ, ಗೊಬ್ಬರ ಹೆಚ್ಚಿಗೆ ಕೊಟ್ಟರೆ ಇಬ್ಬರಿಗೂ ಸಾಕಾಗುತ್ತದೆ. ಹಿತ್ತಲಮನೆ ಅವರಲ್ಲಿ ಇನ್ನೊಂದು ಕಾರಣವೂ ಇದೆ. ಜೀವಂತ ಬೇರುಗಳೂ ಅದೇ ಮಡಿಯ ನೀರು ಕುಡಿಯುತ್ತಿವೆ.

ಹಿತ್ತಲಮನೆ, ಮೈಸೂರು (ಜೂನ್ 11)

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಅಗೆದು ನೋಡಿದೆ. ನೀವು ಹೇಳಿದ್ದು ಸರಿ. ಒಗೆಯುವ ಕಲ್ಲಿನ ಪಕ್ಕದ ಚಿಗುರು ತೋಳಿನಷ್ಟು ದಪ್ಪದ ಬೇರಿನ ಮೇಲೆ ಕೂತಿದೆ. ಆ ಬೇರು ಮೇಲ್ಮಣ್ಣಿನಿಂದ ಬರೀ ಒಂದು ಗೇಣು ಆಳದಲ್ಲಿ ಹಾವಿನ ಹಾಗೆ ಹೋಗಿದೆ. ಉಗುರಿನಿಂದ ಕೆರೆದರೆ ಒಳಗೆ ಹಸಿ ಹಸಿ ಬಿಳಿ. ಒಂದೇ ಬೇರಿನ ಮೇಲೆ ಐದು ಚಿಗುರು ಸಾಲಾಗಿ ಸಿಕ್ಕವು! ಇನ್ನೊಂದು ಕಡೆ, ಕಾಂಪೌಂಡ್ ಪಕ್ಕ, ಬೇರು ಕಂದು ಬಣ್ಣಕ್ಕೆ ತಿರುಗಿ ಕೈಯಲ್ಲಿ ಪುಡಿಯಾಗುತ್ತದೆ. ಅಲ್ಲಿ ಚಿಗುರು ಇಲ್ಲ.

ಕಾಫಿಗಿಡ, ಸಕಲೇಶಪುರ (ಜೂನ್ 11)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಬೇರು ತಾನಾಗಿ ಕೊಳೆಯಲಿ ಅಂತ ಬಿಡುವುದಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ.

ತೋಟದಲ್ಲಿ ನೆರಳಿನ ಮರ ಕಡಿದು ಬುಡ ಬಿಟ್ಟರೆ ಮೂರ್ನಾಲ್ಕು ವರ್ಷದಲ್ಲಿ ಅದರ ಸುತ್ತ ಕಾಫಿ ಗಿಡ ಒಂದೊಂದಾಗಿ ಸಾಯುವುದನ್ನು ನೋಡಿದ್ದೇನೆ. ಬೇರು ರೋಗದ ಶಿಲೀಂಧ್ರ ಮೊದಲು ಸತ್ತ ಬುಡದಲ್ಲಿ ಮನೆ ಮಾಡಿ, ಆಮೇಲೆ ಬೇರಿಗೆ ಬೇರು ತಾಗಿದ ಕಡೆ ದಾಟುತ್ತದೆ. ಕಿತ್ತು ನೋಡಿದರೆ ಬೇರಿನ ಮೇಲೆ ಮಣ್ಣು, ಸಣ್ಣ ಕಲ್ಲು ಕಂದು ಅಂಟಿನಿಂದ ಮೆತ್ತಿಕೊಂಡಿರುತ್ತದೆ. ತೊಳೆದರೂ ಹೋಗುವುದಿಲ್ಲ. ಅದು ಕಂಡರೆ ಸುಮ್ಮನಿರಬಾರದು. ಸಿಕ್ಕಷ್ಟೂ ಬೇರು ತೆಗೆದು ಸುಟ್ಟು, ಎರಡು ಅಡಿ ಆಳ ಒಂದು ಅಡಿ ಅಗಲದ ಚರಂಡಿ ತೋಡಿ ಒಳ್ಳೆಯ ಗಿಡಗಳನ್ನು ಬೇರ್ಪಡಿಸಬೇಕು. ತೋಡಿದ ಮಣ್ಣು ರೋಗದ ಕಡೆಗೇ ಹಾಕಬೇಕು, ಈಚೆ ಅಲ್ಲ.

ಹಾಗಾಗಿ ನಾವು ಮರ ಕಡಿಯುವ ಮೊದಲೇ ಬುಡದ ಸುತ್ತ ಬಳೆಯಂತೆ ತೊಗಟೆ ತೆಗೆದು ಬಿಡುತ್ತೇವೆ. ಎಲೆ ಮಾಡಿದ ಆಹಾರ ಕೆಳಗೆ ಇಳಿಯುವುದಿಲ್ಲ. ಬೇರು ಕೂಡಿಟ್ಟದ್ದನ್ನು ತಾನೇ ತಿಂದು ಬರಿದಾಗುತ್ತದೆ. ಆಮೇಲೆ ಕಡಿದರೆ ಚಿಗುರೂ ಕಡಿಮೆ, ರೋಗಕ್ಕೆ ತಿನ್ನಲೂ ಏನೂ ಇರುವುದಿಲ್ಲ. ಮುಂದೆ ಮರ ತೆಗೆಸಬೇಕಾದವರು ಒಪ್ಪಿಗೆ ಸಿಕ್ಕ ಮೇಲೆ, ಕಡಿಯುವ ಮೊದಲು, ಇದನ್ನು ಮಾಡಿಸಿ. ಆದರೆ ಮನೆ ಮೇಲೆ ಬೀಳುವಂಥ ಮರಕ್ಕೆ ಇದು ಬೇಡ. ಒಣಗಿದ ಮರ ಇನ್ನೂ ಬೇಗ ಮುರಿಯುತ್ತದೆ.

ಕೆಮ್ಮಣ್ಣು, ಬೆಂಗಳೂರು (ಜೂನ್ 12)

ಸರ್, ನಿಮ್ಮ ಮಾತು ತೋಟಕ್ಕೆ ನೂರಕ್ಕೆ ನೂರು ಸರಿ. ಒಂದೇ ಬೆಳೆ, ಸಾವಿರಾರು ಗಿಡ, ಬೇರುಗಳು ಹೆಣೆದುಕೊಂಡಿರುತ್ತವೆ. ಆದರೆ ಮನೆಯ ಹಿತ್ತಲಲ್ಲಿ ಎಲ್ಲ ಬೇರು ತೆಗೆಯುವುದು ಅಂದರೆ 20 ಅಡಿ ಸುತ್ತ ನೆಲ ಬಗೆಯಬೇಕು. ಅಷ್ಟು ಬೇಕಾ ಅಂತ ನನ್ನ ಪ್ರಶ್ನೆ. ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುವ ಬೇರನ್ನು ಬಿಟ್ಟುಬಿಡಬಹುದು, ಅದು ಮಣ್ಣಾಗುತ್ತಿದೆ. ಅಂಟಿನಂತೆ ಮಣ್ಣು ಮೆತ್ತಿದ ಬೇರು ಇದೆಯೇ ಅಂತ ಮಾತ್ರ ಹಿತ್ತಲಮನೆಯವರು ನೋಡಲಿ.

ಕಾಫಿಗಿಡ, ಸಕಲೇಶಪುರ (ಜೂನ್ 12)

ಅದನ್ನು ನೋಡಿದ ಮೇಲೆ ನಿರ್ಧಾರ ಮಾಡಿದರೆ ನನ್ನ ತಕರಾರಿಲ್ಲ. ಹೊಸದಾಗಿ ಮರ ಜಾತಿಯ ಗಿಡ ನೆಡುವುದಾದರೆ ಹಳೆ ಬುಡದಿಂದ ಒಂದು ಮಾರು ದೂರವಾದರೂ ಸರಿಸಿ ನೆಡಿ.

ಗರಸುದಾರಿ, ಗದಗ (ಜೂನ್ 13)

ಜೆಸಿಬಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. 30 ವರ್ಷ ಮನೆ ಕಟ್ಟುವ ಕೆಲಸ ಮಾಡಿದ್ದೇನೆ.

ಗೋಡೆಯಿಂದ 12 ಅಡಿಯಲ್ಲಿ ಇರುವ ಬುಡವನ್ನು ಯಂತ್ರದಿಂದ ಎಳೆದರೆ, ಅದರ ಬೇರು ಎಲ್ಲಿವರೆಗೆ ಹೋಗಿದೆಯೋ ಅಲ್ಲಿವರೆಗೆ ನೆಲ ಅಲುಗಾಡುತ್ತದೆ. ಪಾಯದ ಕೆಳಗೆ ಹೋದ ಬೇರನ್ನು ಎಂದೂ ಎಳೆಯಬಾರದು. ಎಳೆದರೆ ಆ ಜಾಗ ಪೊಳ್ಳಾಗುತ್ತದೆ. ಗೋಡೆಯಿಂದ ಎರಡು ಮೂರು ಅಡಿ ಈಚೆಗೆ ಗರಗಸದಿಂದ ಕತ್ತರಿಸಿ, ಆಚೆಯದನ್ನು ಹಾಗೇ ಬಿಡಬೇಕು. ಎಲೆಯಿಲ್ಲದ ಬೇರು ತಾನೇ ಸಾಯುತ್ತದೆ. ಅಲ್ಲಿ ಚಿಗುರು ಬಂದರೆ ಮಾತ್ರ ಕೀಳುತ್ತಿರಿ.

ಗುಂಡಿ ತೆಗೆದ ಮೇಲೆ ಮುಚ್ಚುವುದು ದೊಡ್ಡ ಕೆಲಸ. ಎಲ್ಲ ಮಣ್ಣು ಒಂದೇ ಸಲ ತಳ್ಳಿದರೆ ಮುಂದಿನ ಮಳೆಗೆ ಕುಸಿದು ಕುಳಿ ಬೀಳುತ್ತದೆ. ಅರ್ಧ ಅಡಿ ಹಾಕು, ನೀರು ಚಿಮುಕಿಸು, ಬಡಿ. ಮತ್ತೆ ಅರ್ಧ ಅಡಿ. ಹೀಗೇ ಮೇಲೆ ಬರಬೇಕು.

ನಮ್ಮ ಕಡೆ ಎರೆ ಮಣ್ಣು ಇರುವವರು ಇನ್ನೂ ಒಂದು ಮಾತು ಮನಸ್ಸಿನಲ್ಲಿಡಿ. ದೊಡ್ಡ ಮರ ದಿನವೂ ನೆಲದ ನೀರು ಹೀರುತ್ತಿರುತ್ತದೆ. ಮರ ಹೋದರೆ ಆ ನೀರು ನೆಲದಲ್ಲೇ ಉಳಿಯುತ್ತದೆ, ಎರೆ ಮಣ್ಣು ಉಬ್ಬುತ್ತದೆ. ಮನೆ ಪಕ್ಕದ ಹಳೇ ಮರ ತೆಗೆದ ಮೇಲೆ ಗೋಡೆ ಬಿರುಕು ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಜನ ಬೇರಿನಿಂದ ಬಿರುಕು ಬಂತು ಅಂತಾರೆ. ಅಲ್ಲಿ ಆದದ್ದು ಬೇರು ಹೋದದ್ದರಿಂದ. ಮೈಸೂರಿನ ಕೆಂಪು ಮಣ್ಣಿಗೆ ಈ ಭಯ ಕಡಿಮೆ, ತಂಗಿ. ಆದರೂ ಗೋಡೆ ಬದಿ ಮಳೆನೀರು ನಿಲ್ಲದ ಹಾಗೆ ನೋಡಿಕೊಳ್ಳಿ.

ಕಲ್ಪತರು, ತಿಪಟೂರು (ಜೂನ್ 13)

ಈ ಚರ್ಚೆ ಓದಿ ತೆಂಗಿನ ಬುಡಕ್ಕೂ ಇದೇ ಮಾಡುವವರು ಇರುತ್ತಾರೆ ಅಂತ ಬರೆಯುತ್ತಿದ್ದೇನೆ. ತೆಂಗಿನ ಲೆಕ್ಕವೇ ಬೇರೆ. ಅದಕ್ಕೆ ಇರುವುದು ತಲೆಯ ಮೇಲೆ ಒಂದೇ ಸುಳಿ. ಕಡಿದ ಮೇಲೆ ಚಿಗುರುವ ಪ್ರಶ್ನೆಯೇ ಇಲ್ಲ. ತಾಯಿಬೇರೂ ಇಲ್ಲ, ಬೆರಳು ದಪ್ಪದ ಸಾವಿರಾರು ಬೇರು ಅಷ್ಟೇ. ತೆಂಗಿನಲ್ಲಿ ತೊಂದರೆ ಕೊಡುವುದು ಕೊಳೆಯುವ ಬುಡ. ಸುಳಿ ಕೊರೆಯುವ ಕಪ್ಪು ದುಂಬಿ, ಮೂಗಿನ ಮೇಲೆ ಕೊಂಬು ಇರುವುದು, ಕೊಳೆತ ಬುಡದಲ್ಲೂ ತಿಪ್ಪೆಯಲ್ಲೂ ಮೊಟ್ಟೆ ಇಡುತ್ತದೆ. ಬುಡ ಒಡೆದರೆ ಹೆಬ್ಬೆರಳು ಗಾತ್ರದ ಬಿಳಿ ಹುಳು ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಅದೇ ಮುಂದೆ ದುಂಬಿಯಾಗುತ್ತದೆ, ಉಳಿದ ತೆಂಗಿನ ಗತಿ ಏನು ಅಂತ ಯೋಚಿಸಿ. ತೆಂಗಿನ ಬುಡವನ್ನು ಹಾಗೇ ಕೊಳೆಯಲು ಬಿಡಬೇಡಿ. ಸೀಳಿ, ಒಣಗಿಸಿ, ಒಲೆಗೆ ಹಾಕಿ.

ಹಿತ್ತಲಮನೆ, ಮೈಸೂರು (ಜೂನ್ 14)

ಅಣ್ಣ, ಗೋಡೆಯ ಮಾತು ಹೇಳಿದ್ದಕ್ಕೆ ತುಂಬಾ ಧನ್ಯವಾದ. ಜೆಸಿಬಿ ಬೇಡ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದರು. ಬೇರುಗಳನ್ನು ತೊಳೆದು ನೋಡಿದೆ, ಅಂಟಿದ ಮಣ್ಣು ಇಲ್ಲ. ಇನ್ನೊಂದು ಚಿಂತೆ: ಬಚ್ಚಲಿನ ಪೈಪ್ ಅದೇ ದಾರಿಯಲ್ಲಿ ಹೋಗುತ್ತದೆ. ಬೇರು ಪೈಪ್ ಒಡೆಯುತ್ತದಾ?

ಗರಸುದಾರಿ, ಗದಗ (ಜೂನ್ 14)

ಸರಿಯಾಗಿರುವ ಪೈಪನ್ನು ಬೇರು ಒಡೆಯುವುದು ಕಡಿಮೆ. ಜೋಡಣೆಯಲ್ಲಿ ನೀರು ಜಿನುಗುತ್ತಿದ್ದರೆ ಅಲ್ಲಿಗೆ ಕೂದಲಿನಂಥ ಬೇರು ಬಂದು ಒಳಗೆ ಹೊಕ್ಕು ಪೊದೆಯಾಗುತ್ತದೆ. ಹಳೇ ಮನೆಗಳ ಸುಟ್ಟಮಣ್ಣಿನ ಪೈಪಿನಲ್ಲಿ ಇದು ಜಾಸ್ತಿ. ನೀರು ಸರಾಗ ಹೋಗುತ್ತಿದ್ದರೆ ಪೈಪ್ ಮುಟ್ಟಬೇಡಿ. ಬಕೆಟ್ ನೀರು ಸುರಿದಾಗ ನಿಂತು ಹೋಗುತ್ತಿದ್ದರೆ ಜೋಡಣೆ ಬಿಚ್ಚಿಸಿ ನೋಡಿ.

ಅಡಿಕೆಸೋಗೆ, ಪುತ್ತೂರು (ಜೂನ್ 16)

ಬುಡದ ಮೋಟನ್ನು ಬೇಗ ಕರಗಿಸುವ ವಿಧಾನ ಹೇಳುತ್ತೇನೆ. ನಮ್ಮಲ್ಲಿ ಹಲಸಿನ ಬುಡಕ್ಕೆ ಮಾಡಿದ್ದು.

ಬಡಗಿಯ ಹತ್ತಿರ ದಪ್ಪ ಬೈರಿಗೆ ಇರುತ್ತದೆ. ಮೋಟಿನ ತಲೆ ಮೇಲೆ ಗೇಣಿಗೊಂದರಂತೆ ಆಳದ ತೂತು ಹಾಕಿಸಿ. 20 ಲೀಟರ್ ನೀರಿಗೆ ಒಂದು ಕೆ.ಜಿ. ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಹುರುಳಿ ಹಿಟ್ಟು, ಮರದ ಬುಡದ ಒಂದು ಹಿಡಿ ಮಣ್ಣು. ಸಹಜ ಕೃಷಿಯವರು ಗಿಡಗಳಿಗೆ ಹಾಕುವ ಜೀವಾಮೃತ ಎಂಬ ದ್ರವದ ಲೆಕ್ಕವೇ, ಹತ್ತರಲ್ಲಿ ಒಂದು ಪಾಲು. ಎರಡು ಮೂರು ದಿನ ನೆರಳಲ್ಲಿ ಇಟ್ಟು ತೂತಿಗೆ ತುಂಬಿ. ಮೇಲೆ ಗೋಣಿಚೀಲ, ಅದರ ಮೇಲೆ ತರಗೆಲೆ, ಸ್ವಲ್ಪ ಮಣ್ಣು. ಯಾವತ್ತೂ ಒದ್ದೆ ಇರಬೇಕು. ಆದರೆ ನೀರು ನಿಲ್ಲಬಾರದು, ಮರ ತಿನ್ನುವ ಅಣಬೆಗೆ ಗಾಳಿಯೂ ಬೇಕು. ಒಂದು ವರ್ಷಕ್ಕೆ ಹಾರೆ ಇಳಿಯುವಷ್ಟು ಮೆತ್ತಗಾಯಿತು. ನಮ್ಮ ಮಳೆಗೆ ಬೇಗ, ನಿಮ್ಮ ಕಡೆ ಸ್ವಲ್ಪ ತಡ ಆಗಬಹುದು. ಮೇಲೆ ಅಣಬೆ ಏಳುತ್ತವೆ. ಚೆಂದ ಕಾಣುತ್ತವೆ ಅಂತ ಅಡುಗೆಮನೆಗೆ ತರಬೇಡಿ. ಗೆದ್ದಲು ಬಂದರೆ ಬರಲಿ, ಆದರೆ ಅಲ್ಲಿಂದ ಮನೆ ಗೋಡೆ ಕಡೆ ಮಣ್ಣಿನ ದಾರಿ ಕಟ್ಟುತ್ತಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ.

ಉಮಿ ಹಾಕಿ ಬೆಂಕಿ ಇಡಿ ಅನ್ನುವವರಿಗೆ: ಪೇಟೆಯ ಮನೆಯಲ್ಲಿ ಬೇಡ. ಬೇರಿನ ಒಳಗೇ ಕೆಂಡ ಹರಿದುಕೊಂಡು ದಿನಗಟ್ಟಲೆ ಹೋಗುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ.

ಹಿತ್ತಲಮನೆ, ಮೈಸೂರು (ಅಕ್ಟೋಬರ್ 2)

ಏನಾಯಿತು ಅಂತ ಹೇಳಬೇಕಲ್ವಾ.

ಜೂನ್ ಕೊನೆಗೆ ಇಬ್ಬರನ್ನು ಕರೆಸಿ ಎರಡು ದಿನ ಕೆಲಸ ಮಾಡಿಸಿದೆ. ಪಿಕಾಸಿ, ಹಾರೆ, ಒಂದು ಕೈಗರಗಸ, ಅಷ್ಟೇ. ಬುಡದಿಂದ ಮೂರು ಅಡಿ ಸುತ್ತ ಕಂದಕ ತೋಡಿ ಸಿಕ್ಕ ಬೇರುಗಳನ್ನೆಲ್ಲ ಕತ್ತರಿಸಿದೆವು, ಏಳು ದಪ್ಪ ಬೇರು. ಸೊಪ್ಪಿನ ಮಡಿಯೊಳಗೆ ಹೋದ ಎರಡನ್ನು, ಐದು ಚಿಗುರು ಇದ್ದದ್ದೂ ಸೇರಿ, ಪೂರ್ತಿ ತೆಗೆಸಿದೆ. ಗೋಡೆ ಕಡೆಯದನ್ನು ಮೂರು ಅಡಿ ಈಚೆಗೆ ಕತ್ತರಿಸಿ ಬಿಟ್ಟೆವು. ಇಟ್ಟಿಗೆ ಹಾಸಿನ ಕೆಳಗಿನದನ್ನೂ ಮುಟ್ಟಲಿಲ್ಲ. ಮೋಟಿಗೆ ಪುತ್ತೂರಿನವರ ಜೀವಾಮೃತ.

ಆಮೇಲೆ ಪ್ರತಿ ಭಾನುವಾರ ಬೆಳಗ್ಗೆ ಒಂದು ಸುತ್ತು. ಹರಿದು ತೆಗೆದದ್ದನ್ನು ಲೆಕ್ಕ ಇಟ್ಟಿದ್ದೇನೆ. ಜುಲೈಯಲ್ಲಿ 41. ನೋಡಿ ಅತ್ತೇ ಬಿಟ್ಟೆ. ಆಗಸ್ಟ್‌ನಲ್ಲಿ 23. ಸೆಪ್ಟೆಂಬರ್‌ನಲ್ಲಿ 9, ಅದೂ ಕಡ್ಡಿಯ ಹಾಗೆ ಬಡಕಲು. ಮಡಿಗೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕುತ್ತಿದ್ದೇನೆ. ದಂಟು ಹಸಿರಾಗಿದೆ. ಮೆಂತ್ಯ ಇನ್ನೂ ಅಷ್ಟಕ್ಕಷ್ಟೇ.

ಸಂಪಿಗೆಕಟ್ಟೆ, ಹುಬ್ಬಳ್ಳಿ (ಅಕ್ಟೋಬರ್ 2)

41ರಿಂದ 9! ಓದಿ ಖುಷಿ ಆಯಿತು ನೋಡ್ರಿ. ಬಿಡಬೇಡಿ. ಚಳಿಗಾಲದಲ್ಲಿ ಕಡಿಮೆ ಆಗಿ ಯುಗಾದಿ ಹೊತ್ತಿಗೆ ಮತ್ತೆ ಒಂದು ಸಲ ಏಳುತ್ತದೆ, ನಮ್ಮ ಬೇವು ಹಾಗೇ ಮಾಡಿತು.

ಹಿತ್ತಲಮನೆ, ಮೈಸೂರು (ಮುಂದಿನ ವರ್ಷ, ಜುಲೈ 5)

ಹುಬ್ಬಳ್ಳಿ ಅಕ್ಕ ಹೇಳಿದ ಹಾಗೇ ಏಪ್ರಿಲ್‌ನಲ್ಲಿ ಆರು ಎದ್ದವು. ಆಮೇಲೆ ಇಲ್ಲ. ಜೂನ್ ಪೂರ್ತಿ ಒಂದೂ ಇಲ್ಲ. ಮೋಟಿನಲ್ಲಿ ಹಾರೆ ಒಂದು ಗೇಣು ಇಳಿಯುತ್ತದೆ. ಪಕ್ಕದಲ್ಲಿ ಏಲಕ್ಕಿ ಬಾಳೆ ಕಂದು ಇಟ್ಟಿದ್ದೇನೆ, ಚೆನ್ನಾಗಿ ಎದ್ದಿದೆ.

ಇಲ್ಲಿ ಹೇಳದ ಒಂದು ವಿಷಯ ಇದೆ. ಹೋದ ವರ್ಷ ಜೂನ್‌ನಲ್ಲಿ ಬೇರು ತೆಗೆಸುವಾಗ ಅಮ್ಮ ಬಂದು ನಿಂತು, ಒಂದು ಮರಿಯನ್ನಾದರೂ ಉಳಿಸು ಅಂದರು. ಒಂದು ಅಡಿ ಬೇರಿನ ತುಂಡಿನ ಸಮೇತ ಒಂದು ಚಿಗುರನ್ನು ಬಕೆಟ್ಟಿಗೆ ಹಾಕಿ ನೆರಳಲ್ಲಿಟ್ಟಿದ್ದೆ. ಎಲೆ ಎಲ್ಲ ಉದುರಿ ಆಗಸ್ಟ್‌ನಲ್ಲಿ ಮತ್ತೆ ಚಿಗುರಿತು. ಈಗ ಎದೆಮಟ್ಟ ಇದೆ. ಟಿ. ನರಸೀಪುರದ ಹತ್ತಿರ ತಮ್ಮನ ಹೊಲದ ಬದುವಿನಲ್ಲಿ ನೆಡುವ ಯೋಚನೆ. ಹೀಗೆ ಬೇರಿನಿಂದ ಬಂದ ಮರಿ ಗಟ್ಟಿಯಾಗಿ ನಿಲ್ಲುತ್ತದಾ? ಗಾಳಿಗೆ ಭಯ.

ಕೆಮ್ಮಣ್ಣು, ಬೆಂಗಳೂರು (ಜುಲೈ 5)

ನಿಲ್ಲುತ್ತದೆ. ಈ ಮರವನ್ನು ಬೇರಿನ ಮರಿಯಿಂದ ಬೆಳೆಸುವುದು ಹೊಸದೇನಲ್ಲ. ಮೊದಲ ಎರಡು ವರ್ಷ ಒಂದು ಗೂಟ ಕೊಡಿ. ಆದರೆ ಕಾಂಡವನ್ನು ಬಿಗಿಯಾಗಿ ಕಟ್ಟಬೇಡಿ, ಸ್ವಲ್ಪ ಅಲುಗಾಡಿದರೆ ಬುಡ ದಪ್ಪ ಆಗುತ್ತದೆ. ಎರಡು ಕವಲಾಗಿ ಬೆಳೆಯಲು ಬಿಡಬೇಡಿ, ಈ ಮರ ಮುರಿಯುವುದು ಕವಲಿನಲ್ಲೇ. ಒಂದು ಕಾಂಡ ಸಾಕು. ಮನೆ, ದನದ ಕೊಟ್ಟಿಗೆ, ಕರೆಂಟ್ ತಂತಿ ಇವುಗಳಿಂದ 40 ಅಡಿ ದೂರ ಇರಲಿ. ಬದುವಿನ ಆಚೆ ಪಕ್ಕದವರ ಹೊಲ ಇದ್ದರೆ ಅವರನ್ನೂ ಒಂದು ಮಾತು ಕೇಳಿ. ಬೇರು ಮರಿ ಎಬ್ಬಿಸುವುದು ಅವರ ಕಡೆಗೂ.

ಹಿತ್ತಲಮನೆ, ಮೈಸೂರು (ಜುಲೈ 6)

ಬದುವಿನ ಆಚೆ ನಾಲೆ ಇದೆ. ಬರುವ ಭಾನುವಾರ ನೆಡುತ್ತೇವೆ. ಅಮ್ಮನೂ ಬರುತ್ತಾರಂತೆ.